ಹಾರದೆ ಉಳಿದವನ ಧೈರ್ಯ

ಇತಿಹಾಸವು ಹೊರಟವರನ್ನು ನೆನೆಯುತ್ತದೆ. ಹೊರಡಲು ಒಲ್ಲೆನೆಂದವರನ್ನು ಸಾಮಾನ್ಯವಾಗಿ ಮರೆತುಬಿಡುತ್ತದೆ. ಕಡಲು ದಾಟಿದವರು, ಶಿಖರವೇರಿದವರು, ಆಗಸಕ್ಕೆ ನೆಗೆದವರು ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯುತ್ತಾರೆ. ಆದರೆ ಎಲ್ಲರೂ ಹೊರಟು ನಿಂತಾಗ ಲೆಕ್ಕ ಹಾಕಿ ನೋಡಿ, ‘ಇದು ಸಾಗದು’ ಎಂದು ಹೇಳುವುದಕ್ಕೂ ಎದೆಗಾರಿಕೆ ಬೇಕಾಗುತ್ತದೆ. ಉತ್ತರ ಧ್ರುವವನ್ನು ಬಲೂನಿನಲ್ಲಿ ಹಾರಿಹೋಗಿ ತಲಪಲು ಹೊರಟ ಸ್ವೀಡನ್ ದೇಶದ ಮೂವರ ಕಥೆ ಈ ಮಾತಿಗೆ ಸಾಕ್ಷಿಯಾಗಿದೆ. ಆ ಕಥೆಯಲ್ಲಿ ಹಾರದೆ ಉಳಿದ ನಾಲ್ಕನೆಯವನೊಬ್ಬನಿದ್ದಾನೆ. ಅವನನ್ನೂ ನೆನೆಯುವುದು ನ್ಯಾಯ.

ಒಬ್ಬ ಎಂಜಿನಿಯರನ ಕನಸು

ಸಾಲೊಮನ್ ಆಗಸ್ಟ್ ಆಂಡ್ರೆ 1854ರಲ್ಲಿ ಸ್ವೀಡನ್ನಿನ ಗ್ರೆನ್ನಾ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ಓದಿನಿಂದ ಎಂಜಿನಿಯರ್, ವೃತ್ತಿಯಿಂದ ಸ್ಟಾಕ್‌ಹೋಮಿನ ಪೇಟೆಂಟ್ ಕಚೇರಿಯ ಅಧಿಕಾರಿ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಮಹಾ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ ಜಾನ್ ವೈಸ್ ಎಂಬ ಪ್ರಸಿದ್ಧ ಬಲೂನು ಹಾರಾಟಗಾರನ ಪರಿಚಯ ಅವನಿಗಾಯಿತು. ಆಗ ಹತ್ತಿದ ಹಾರಾಟದ ಹಂಬಲ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1882-83ರಲ್ಲಿ ಆತ ಉತ್ತರದ ಹಿಮಸಾಗರದಲ್ಲಿರುವ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ ಒಂದು ವೈಜ್ಞಾನಿಕ ತಂಡದೊಂದಿಗೆ ಚಳಿಗಾಲ ಕಳೆದನು. ಆ ತಂಡದ ಮುಖ್ಯಸ್ಥ ನಿಲ್ಸ್ ಎಕ್‌ಹೋಲ್ಮ್ ಎಂಬ ಹವಾಮಾನ ವಿಜ್ಞಾನಿ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಉತ್ತರ ಧ್ರುವವನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ನೆಲವಿಲ್ಲ, ಸಮುದ್ರದ ಮೇಲೆ ಹೆಪ್ಪುಗಟ್ಟಿ ಸದಾ ಚಲಿಸುತ್ತಿರುವ ಹಿಮದ ಹಾಸು ಮಾತ್ರ. ಹಡಗುಗಳು ಆ ಹಿಮದಲ್ಲಿ ಸಿಕ್ಕಿ ಪುಡಿಯಾಗುತ್ತಿದ್ದವು. ಜಾರುಬಂಡಿ ಎಳೆದವರು ಹಸಿವು ಚಳಿಗಳಿಂದ ಸಾಯುತ್ತಿದ್ದರು. ‘ಹಿಮದ ಮೇಲೆ ನಡೆದು ಸಾಯುವುದಕ್ಕಿಂತ ಹಿಮದ ಮೇಲಿನ ಗಾಳಿಯಲ್ಲಿ ಹಾರಬಾರದೇಕೆ?’ ಎಂಬುದು ಆಂಡ್ರೆಯ ಪ್ರಶ್ನೆಯಾಗಿತ್ತು. ಬಲೂನು ಗಾಳಿ ಬೀಸಿದತ್ತ ಹೋಗುವ ವಾಹನ, ಅದಕ್ಕೆ ಚುಕ್ಕಾಣಿಯಿಲ್ಲ. ಈ ಕೊರತೆಗೆ ಆಂಡ್ರೆ ಒಂದು ಉಪಾಯ ಹೂಡಿದನು. ಬಲೂನಿನಿಂದ ಭಾರವಾದ ಉದ್ದನೆಯ ಹಗ್ಗಗಳನ್ನು ಇಳಿಬಿಟ್ಟರೆ ಅವು ಹಿಮದ ಮೇಲೆ ಉಜ್ಜುತ್ತಾ ಸಾಗುತ್ತವೆ. ಬಲೂನಿನ ವೇಗ ಗಾಳಿಯ ವೇಗಕ್ಕಿಂತ ಕಡಿಮೆಯಾಗುತ್ತದೆ. ಆಗ ಹಾಯಿ ಕಟ್ಟಿ ಅದನ್ನು ಸ್ವಲ್ಪಮಟ್ಟಿಗೆ ಬೇಕಾದ ದಿಕ್ಕಿಗೆ ತಿರುಗಿಸಬಹುದು. 1893ರಿಂದ ‘ಸ್ವೆಯಾ’ ಎಂಬ ಸಣ್ಣ ಬಲೂನಿನಲ್ಲಿ ಒಂಬತ್ತು ಬಾರಿ ಹಾರಿ ಈ ವಿಧಾನವು ಫಲಿಸುತ್ತದೆ ಎಂದು ಆತ ನಂಬಿದನು.

1895ರಲ್ಲಿ ಸ್ವೀಡನ್ನಿನ ರಾಜಾಶ್ರಿತ ವಿಜ್ಞಾನ ಅಕಾಡೆಮಿಯ ಮುಂದೆ ಆಂಡ್ರೆ ತನ್ನ ಯೋಜನೆಯನ್ನು ಮಂಡಿಸಿದಾಗ ದೇಶವೇ ಪುಳಕಗೊಂಡಿತು. ನೆರೆಯ ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ ಆಗಲೇ ಧ್ರುವದತ್ತ ಹೊರಟು ಹೋಗಿದ್ದನು. ಸ್ವೀಡನ್ ಹಿಂದುಳಿಯಬಾರದೆಂಬ ಹುರುಪು ಎಲ್ಲರಲ್ಲಿತ್ತು. ಯೋಜನೆಗೆ ಬೇಕಾದದ್ದು ಸುಮಾರು 1,30,000 ಕ್ರೋನರ್. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅದರ ಅರ್ಧದಷ್ಟನ್ನು ತಾನೇ ಕೊಟ್ಟನು. ರಾಜ ಎರಡನೆಯ ಆಸ್ಕರ್ 30,000 ಕ್ರೋನರ್ ಕೊಟ್ಟನು. ಪ್ಯಾರಿಸ್ಸಿನಲ್ಲಿ ಆನ್ರಿ ಲಾಶಾಂಬ್ರ್ ಎಂಬ ಕುಶಲಕರ್ಮಿ ಚೀನೀ ರೇಷ್ಮೆಯ ಮೂರು ಪದರಗಳನ್ನು ಸೇರಿಸಿ, ವಾರ್ನಿಷ್ ಬಳಿದು, 20 ಮೀಟರಿಗೂ ಹೆಚ್ಚು ವ್ಯಾಸದ ಬಲೂನನ್ನು ಸಿದ್ಧಪಡಿಸಿದನು. ಅದಕ್ಕೆ ‘ಹದ್ದು’ ಎಂಬ ಅರ್ಥದ ‘ಅರ್ನೆನ್’ ಎಂಬ ಹೆಸರಿಟ್ಟರು. ಬುಟ್ಟಿಯ ಮೇಲಿರುವ ಜಲಜನಕ ಅನಿಲಕ್ಕೆ ಕಿಡಿ ತಾಗಬಾರದೆಂದು ಅಡುಗೆಯ ಒಲೆಯನ್ನು ಬುಟ್ಟಿಯಿಂದ 8 ಮೀಟರ್ ಕೆಳಗೆ ತೂಗಿಬಿಟ್ಟು, ಮೇಲಿನಿಂದಲೇ ಹೊತ್ತಿಸಿ, ಉರಿಯನ್ನು ಕನ್ನಡಿಯಲ್ಲಿ ನೋಡುವ ಏರ್ಪಾಡು ಕೂಡ ಇತ್ತು! ಇಷ್ಟೆಲ್ಲ ಸೂಕ್ಷ್ಮ ಯೋಚನೆಯಿದ್ದರೂ ಒಂದು ಮುಖ್ಯ ಕೆಲಸ ಉಳಿದುಹೋಯಿತು. ಬಲೂನನ್ನು ಒಮ್ಮೆಯೂ ಪರೀಕ್ಷಾರ್ಥ ಹಾರಿಸಿ ನೋಡದೆಯೇ ಅದನ್ನು ನೇರವಾಗಿ ಸ್ಪಿಟ್ಸ್‌ಬರ್ಗನ್ನಿಗೆ ಸಾಗಿಸಲಾಯಿತು.

ಸೂಜಿಯ ರಂಧ್ರಗಳು

1896ರ ಬೇಸಿಗೆಯಲ್ಲಿ ಆಂಡ್ರೆ, ಎಕ್‌ಹೋಲ್ಮ್ ಮತ್ತು ನಿಲ್ಸ್ ಸ್ಟ್ರಿಂಡ್‌ಬರ್ಗ್ ಎಂಬ ತರುಣ ವಿಜ್ಞಾನಿ, ಈ ಮೂವರು ಜನಸಾಗರದ ಜಯಘೋಷದ ನಡುವೆ ಹೊರಟರು. ಸ್ಪಿಟ್ಸ್‌ಬರ್ಗನ್ನಿನ ಪಕ್ಕದ ಡೇನ್ಸ್ ದ್ವೀಪದಲ್ಲಿ ಬಲೂನಿಗೆ ಮರದ ಮನೆ ಕಟ್ಟಿ, ಅನಿಲ ತುಂಬಿ, ದಕ್ಷಿಣದ ಗಾಳಿಗಾಗಿ ಕಾದರು. ಗಾಳಿ ಮಾತ್ರ ಉತ್ತರದಿಂದಲೇ ಬೀಸುತ್ತಿತ್ತು.

ಕಾಯುತ್ತಿದ್ದ ದಿನಗಳಲ್ಲಿ ಎಕ್‌ಹೋಲ್ಮ್ ಸುಮ್ಮನೆ ಕೂರಲಿಲ್ಲ. ಬಲೂನಿನಿಂದ ಎಷ್ಟು ಅನಿಲ ಸೋರುತ್ತಿದೆಯೆಂದು ಅಳೆಯತೊಡಗಿದನು. ರೇಷ್ಮೆಯ ಹೊಲಿಗೆಗಳಲ್ಲಿ ಸುಮಾರು 80 ಲಕ್ಷ ಸೂಜಿರಂಧ್ರಗಳಿದ್ದವು. ಎಷ್ಟು ಅಂಟು ಹಾಕಿದರೂ, ಎಷ್ಟು ಪಟ್ಟಿ ಅಂಟಿಸಿದರೂ ಅವು ಪೂರ್ತಿ ಮುಚ್ಚಲಿಲ್ಲ. ದಿನಕ್ಕೆ 68 ಕಿಲೋಗ್ರಾಂ ಎತ್ತುವಷ್ಟು ಶಕ್ತಿ ನಷ್ಟವಾಗುತ್ತಿತ್ತು. ಆಂಡ್ರೆ 30 ದಿನಗಳ ಹಾರಾಟದ ಭರವಸೆ ಕೊಟ್ಟಿದ್ದನು. ಎಕ್‌ಹೋಲ್ಮನ ಲೆಕ್ಕದಂತೆ ಬಲೂನು ಹೆಚ್ಚೆಂದರೆ 17 ದಿನ ಆಗಸದಲ್ಲಿ ಉಳಿಯಬಹುದಾಗಿತ್ತು.

ಆಗಸ್ಟ್ ತಿಂಗಳಲ್ಲಿ ನಾನ್ಸೆನನ ‘ಫ್ರಾಮ್’ ಹಡಗು ಮೂರು ವರ್ಷಗಳ ಹಿಮಯಾತ್ರೆ ಮುಗಿಸಿ ಅದೇ ದ್ವೀಪದ ಬಳಿ ಬಂದು ನಿಂತಿತು. ಇತ್ತ ಆಂಡ್ರೆಯ ತಂಡ ಹಾರದೆಯೇ ಗಂಟುಮೂಟೆ ಕಟ್ಟುತ್ತಿತ್ತು. ಆ ನೋಟ ಆಂಡ್ರೆಗೆ ಎಷ್ಟು ಕಹಿಯಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಊರಿಗೆ ಮರಳುವ ಹಡಗಿನಲ್ಲಿ ಎಕ್‌ಹೋಲ್ಮನಿಗೆ ಇನ್ನೊಂದು ಸಂಗತಿ ತಿಳಿಯಿತು. ತಾನು ಸೋರಿಕೆ ಅಳೆಯುತ್ತಿದ್ದಾಗ ಆಂಡ್ರೆ ಗುಟ್ಟಾಗಿ ಮತ್ತೆ ಮತ್ತೆ ಅನಿಲ ತುಂಬಿಸುತ್ತಿದ್ದನು! ಅಂದರೆ ನಿಜವಾದ ಸೋರಿಕೆ ತನ್ನ ಲೆಕ್ಕಕ್ಕಿಂತಲೂ ಹೆಚ್ಚು. ಆಂಡ್ರೆಯ ಮನಸ್ಸಿನಲ್ಲಿ ಏನಿತ್ತೆಂದು ನಾವು ನಿರ್ಣಯಿಸಲಾರೆವು. ಆತ ಮೋಸಗಾರನಲ್ಲ, ಹಣಕ್ಕಾಗಿ ಹೊರಟವನೂ ಅಲ್ಲ. ಆದರೆ ರಾಜನ ಹಣ, ನೊಬೆಲನ ಹಣ, ನಾಡಿನ ಮಾನ, ಪತ್ರಿಕೆಗಳ ನಿರೀಕ್ಷೆ ಇವೆಲ್ಲ ಹೆಗಲ ಮೇಲೆ ಕುಳಿತಿರುವಾಗ, ‘ಬಲೂನು ಸೋರುತ್ತದೆ’ ಎಂಬ ಚಿಕ್ಕ ವಾಕ್ಯವನ್ನು ಬಾಯಿಬಿಟ್ಟು ಹೇಳುವುದು ಅವನಿಗೆ ಬೆಟ್ಟದಷ್ಟು ಭಾರವಾಯಿತೇನೋ.

ಎಕ್‌ಹೋಲ್ಮ್ ತಂಡದಿಂದ ಹೊರಬಂದನು. ಬಲೂನು ಸುರಕ್ಷಿತವಲ್ಲವೆಂಬ ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ವಿವರಿಸಿದನು. ಆದರೆ ಉತ್ಸಾಹದ ಅಲೆಯ ಮುಂದೆ ಅಂಕಿ-ಅಂಶಗಳ ಧ್ವನಿ ಎಷ್ಟು ಕೇಳೀತು? ಅವನ ಸ್ಥಾನಕ್ಕೆ ಬರಲು ಸಿದ್ಧರಿದ್ದವರಿಗೆ ಕೊರತೆಯಿರಲಿಲ್ಲ. 27 ವರ್ಷದ ಗಟ್ಟಿಮುಟ್ಟಾದ ಎಂಜಿನಿಯರ್ ಕ್ನುಟ್ ಫ್ರೆಂಕೆಲ್ ಆಯ್ಕೆಯಾದನು. ಸ್ಟ್ರಿಂಡ್‌ಬರ್ಗನಿಗೆ ಅನ್ನಾ ಶಾರ್ಲಿಯೆ ಎಂಬ ಯುವತಿಯೊಂದಿಗೆ ವಿವಾಹ ನಿಶ್ಚಯವಾಗಿತ್ತು. ಆದರೂ ಆತ ತಂಡದಲ್ಲೇ ಉಳಿದನು.

ಮೂರು ದಿನದ ಹಾರಾಟ, ಮೂರು ತಿಂಗಳ ನಡಿಗೆ

1897ರ ಜುಲೈ 11ರಂದು ದಕ್ಷಿಣದ ಗಾಳಿ ಬೀಸಿತು. ಹಗ್ಗಗಳನ್ನು ಕತ್ತರಿಸಿದೊಡನೆ ‘ಹದ್ದು’ ಮೇಲೆದ್ದಿತು. ಮರುಗಳಿಗೆಯಲ್ಲೇ ಕೆಳಗೆಳೆಯಲ್ಪಟ್ಟು ಬುಟ್ಟಿ ನೀರಿಗೆ ತಾಗಿತು. ಮೂವರೂ ಗಾಬರಿಯಿಂದ 200 ಕಿಲೋಗ್ರಾಮಿಗೂ ಹೆಚ್ಚು ಮರಳನ್ನು ಹೊರಗೆ ಸುರಿದರು. ಅಷ್ಟರಲ್ಲಿ ಆಂಡ್ರೆ ನಂಬಿದ್ದ ಆ ಎಳೆಹಗ್ಗಗಳು ತಿರುಚಿಕೊಂಡು, ತುಂಡುಗಳನ್ನು ಜೋಡಿಸಿದ್ದ ತಿರುಪುಗಳು ಕಳಚಿ, ಅವುಗಳ ಬಹುಪಾಲು ದಡದಲ್ಲೇ ಉಳಿದುಹೋಯಿತು. ಹೊರಟ ಕೆಲವೇ ನಿಮಿಷಗಳಲ್ಲಿ 700 ಕಿಲೋಗ್ರಾಮಿಗೂ ಹೆಚ್ಚು ಭಾರವನ್ನೂ, ಜೊತೆಗೆ ಚುಕ್ಕಾಣಿಯನ್ನೂ ಕಳೆದುಕೊಂಡ ಬಲೂನು, ಎಣಿಸಿರದಷ್ಟು ಎತ್ತರಕ್ಕೆ ಏರಿತು. ಮೇಲಿನ ತೆಳುಗಾಳಿಯಲ್ಲಿ ಅನಿಲ ಇನ್ನಷ್ಟು ವೇಗವಾಗಿ ಸೋರಿತು.

ಸುಮಾರು ಹತ್ತೂವರೆ ಗಂಟೆಗಳ ಕಾಲ ಅದು ಸ್ವತಂತ್ರವಾಗಿ ಹಾರಿತು. ಆಮೇಲೆ ಮಂಜು ಮುಸುಕಿ, ತೇವದ ಭಾರದಿಂದ ಕುಗ್ಗಿ, ಹಿಮಕ್ಕೆ ಬಡಿಯುತ್ತಾ, ಕುಪ್ಪಳಿಸುತ್ತಾ, ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಾ ಸಾಗಿತು. ಅವರು ಹಾರಿಬಿಟ್ಟ ಒಂದು ಪಾರಿವಾಳ ನಾರ್ವೆಯ ಹಡಗೊಂದಕ್ಕೆ ಸಿಕ್ಕಿತು. ಜುಲೈ 13ರ ಆ ಚೀಟಿಯಲ್ಲಿ ಎಲ್ಲವೂ ಕ್ಷೇಮವೆಂದಿತ್ತು. ಮರುದಿನ ಬೆಳಿಗ್ಗೆ, ಒಟ್ಟು 65 ಗಂಟೆಗಳ ಬಳಿಕ, ಬಲೂನು ಹಿಮದ ಮೇಲೆ ಕೊನೆಯ ಬಾರಿ ಇಳಿಯಿತು. ಧ್ರುವ ಇನ್ನೂ ಸುಮಾರು 780 ಕಿಲೋಮೀಟರ್ ದೂರದಲ್ಲಿತ್ತು. 30 ದಿನವೂ ಇಲ್ಲ, 17 ದಿನವೂ ಇಲ್ಲ, ಮೂರೇ ದಿನ!

ಮುಂದಿನದು ನಡಿಗೆಯ ಕಥೆ. ಒಂದು ವಾರ ಸಿದ್ಧತೆ ಮಾಡಿಕೊಂಡು, ತಲಾ ಸುಮಾರು 200 ಕಿಲೋಗ್ರಾಂ ತೂಕದ ಜಾರುಬಂಡಿಗಳನ್ನು ಎಳೆಯುತ್ತಾ ಅವರು ಹೊರಟರು. ಹಿಮದ ನಾಡಿನಲ್ಲಿ ಬದುಕುವ ವಿದ್ಯೆಯನ್ನು ನಾನ್ಸೆನ್ ಅಲ್ಲಿನ ಮೂಲನಿವಾಸಿಗಳಿಂದ ಕಲಿತಿದ್ದನು. ಇವರ ಬಳಿ ತುಪ್ಪಳದ ಉಡುಪು ಸಹ ಇರಲಿಲ್ಲ. ಮೊದಲು ಪೂರ್ವದ ಫ್ರಾನ್ಸ್ ಜೋಸೆಫ್ ದ್ವೀಪಗಳತ್ತ ನಡೆದರು. ಆದರೆ ಕಾಲಡಿಯ ಹಿಮವೇ ಅವರನ್ನು ಪಶ್ಚಿಮಕ್ಕೆ ಒಯ್ಯುತ್ತಿತ್ತು. ದಿನವಿಡೀ ಎಳೆದು ಬಳಲಿ, ಸಂಜೆ ಅಳೆದು ನೋಡಿದರೆ ಹೊರಟ ಜಾಗಕ್ಕಿಂತ ಹಿಂದೆ ಬಂದಿರುತ್ತಿದ್ದರು. ಆಗಸ್ಟ್ 4ರಂದು ದಿಕ್ಕು ಬದಲಿಸಿದರು; ಹಿಮದ ಹರಿವೂ ಬದಲಾಗಿ ಮತ್ತೆ ಅವರಿಗೆ ವಿರುದ್ಧವಾಯಿತು. ಹಿಮಕರಡಿಗಳನ್ನು ಬೇಟೆಯಾಡಿ ಹೊಟ್ಟೆ ಹೊರೆದರು.

ಇಂತಹ ಸ್ಥಿತಿಯಲ್ಲಿಯೂ ಅವರ ಮನುಷ್ಯತ್ವ ಕುಂದಲಿಲ್ಲ ಎಂಬುದನ್ನು ಗಮನಿಸಬೇಕು. ಫ್ರೆಂಕೆಲ್ ಹವಾಮಾನದ ದಾಖಲೆ ಬರೆಯುವುದನ್ನು ಬಿಡಲಿಲ್ಲ. ಸ್ಟ್ರಿಂಡ್‌ಬರ್ಗ್ ಚಿತ್ರಗಳನ್ನು ತೆಗೆದನು. ತನ್ನ ಅನ್ನಾಳಿಗೆ ಕಾಗದಗಳನ್ನು ಬರೆದನು. ಸೆಪ್ಟೆಂಬರ್ 4ರಂದು ಅವನಿಗೆ 25 ವರ್ಷ ತುಂಬಿತು. ಆ ದಿನಕ್ಕೆಂದೇ ಮನೆಯವರೂ ಅನ್ನಾಳೂ ಬರೆದುಕೊಟ್ಟಿದ್ದ ಪತ್ರಗಳನ್ನು ಆಂಡ್ರೆ ಅಷ್ಟು ಕಾಲ ಜೋಪಾನವಾಗಿ ಕಾದಿಟ್ಟಿದ್ದನು. ಬೆಳಿಗ್ಗೆ ಅವನನ್ನು ಎಬ್ಬಿಸಿ ಅವುಗಳನ್ನು ಕೈಗಿತ್ತನು. ಗುಟ್ಟಾಗಿ ಅನಿಲ ತುಂಬಿಸಿದವನೂ ಇವನೇ, ಹಿಮದ ನಡುವೆ ಕಿರಿಯನ ಹುಟ್ಟುಹಬ್ಬ ನೆನಪಿಟ್ಟವನೂ ಇವನೇ. ಮನುಷ್ಯನನ್ನು ಒಂದೇ ತಕ್ಕಡಿಯಲ್ಲಿ ತೂಗಿ ತೀರ್ಪು ಕೊಡುವುದು ಎಷ್ಟು ಕಷ್ಟ!

ಸೆಪ್ಟೆಂಬರ್ ಮಧ್ಯದಲ್ಲಿ ನಡಿಗೆ ನಿಲ್ಲಿಸಿ, ತೇಲುವ ಹಿಮದ ಬಂಡೆಯ ಮೇಲೆಯೇ ಮಂಜಿನ ಮನೆ ಕಟ್ಟಿಕೊಂಡರು. ಅಕ್ಟೋಬರ್ 2ರಂದು ಆ ಬಂಡೆ ಮನೆಯ ಕೆಳಗೇ ಸೀಳಿತು. 5ರಂದು ಕ್ವಿಟೋಯಾ ಎಂಬ ನಿರ್ಜನ ದ್ವೀಪವನ್ನೇರಿದರು. ‘ಬಿಳಿ ದ್ವೀಪ’ ಎಂಬುದು ಆ ಹೆಸರಿನ ಅರ್ಥ. ಕೆಲವೇ ದಿನಗಳಲ್ಲಿ ದಿನಚರಿಯ ಬರಹ ನಿಂತುಹೋಯಿತು.

ಮೂವತ್ತಮೂರು ವರ್ಷಗಳ ಮೌನ

ಹೊರಲೋಕಕ್ಕೆ ಇದಾವುದೂ ತಿಳಿಯಲಿಲ್ಲ. 1930ರ ಆಗಸ್ಟ್ ತಿಂಗಳಲ್ಲಿ ‘ಬ್ರಾಟ್‌ವಾಗ್’ ಎಂಬ ನಾರ್ವೆಯ ಹಡಗಿನಲ್ಲಿ ಭೂವಿಜ್ಞಾನಿ ಗುನ್ನಾರ್ ಹಾರ್ನ್ ನೇತೃತ್ವದ ತಂಡ ಆ ದ್ವೀಪಕ್ಕೆ ಬಂದಿತು. ಕುಡಿಯುವ ನೀರು ಹುಡುಕಲು ಹೋದ ಇಬ್ಬರು ನಾವಿಕರ ಕಣ್ಣಿಗೆ ಅಲ್ಯೂಮಿನಿಯಂ ಮುಚ್ಚಳವೊಂದು ಬಿದ್ದಿತು. ಸಮೀಪದಲ್ಲಿ ಹಿಮ ಮುಚ್ಚಿದ ದೋಣಿ, ಅದರಲ್ಲಿ ಆಂಡ್ರೆಯ ತಂಡದ ಹೆಸರು ಕೊರೆದ ಸಲಕರಣೆ. ಬಳಿಕ ಅಸ್ಥಿಗಳು, ದಿನಚರಿಗಳು, ಫಿಲ್ಮುಗಳು ದೊರೆತವು. ಸ್ಟ್ರಿಂಡ್‌ಬರ್ಗನ ದೇಹವನ್ನು ಬಂಡೆಗಳ ಸಂದಿನಲ್ಲಿಟ್ಟು ಕಲ್ಲುಗಳಿಂದ ಮುಚ್ಚಲಾಗಿತ್ತು; ಆದ್ದರಿಂದ ಮೊದಲು ಸತ್ತವನು ಕಿರಿಯನಾದ ಅವನೇ ಎಂದು ತಿಳಿಯುತ್ತದೆ. ಆಹಾರ ಉಳಿದಿತ್ತು, ಮದ್ದುಗುಂಡು ಉಳಿದಿತ್ತು, ಒಲೆಯೂ ಕೆಟ್ಟಿರಲಿಲ್ಲ. ಸಾವಿಗೆ ಕಾರಣ ಚಳಿಯೋ, ಬಳಲಿಕೆಯೋ, ಕರಡಿಯ ಮಾಂಸದಿಂದ ಬಂದ ರೋಗವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 33 ವರ್ಷ ಹಿಮದಲ್ಲಿದ್ದ ಫಿಲ್ಮುಗಳಿಂದ ಸ್ಟಾಕ್‌ಹೋಮಿನ ತಜ್ಞ ಜಾನ್ ಹರ್ಟ್ಸ್‌ಬರ್ಗ್ 93 ಚಿತ್ರಗಳನ್ನು ಉಳಿಸಿಕೊಟ್ಟನು. ಕುಸಿದು ಬಿದ್ದ ಬಲೂನಿನ ಮುಂದೆ ಸುಮ್ಮನೆ ನಿಂತಿರುವ ಇಬ್ಬರ ಚಿತ್ರವನ್ನು ಕಂಡವರು ಮರೆಯಲಾರರು.

ಅನ್ನಾ ಶಾರ್ಲಿಯೆ ಕಾಲಾಂತರದಲ್ಲಿ ಇಂಗ್ಲಿಷ್ ಗೃಹಸ್ಥನೊಬ್ಬನನ್ನು ಮದುವೆಯಾಗಿದ್ದಳು. 1949ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಹೃದಯವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಸ್ಟ್ರಿಂಡ್‌ಬರ್ಗನ ಸಮಾಧಿಯ ಬಳಿ ಹೂಳಲಾಯಿತು.

ಎಕ್‌ಹೋಲ್ಮ್ ಏನಾದನು? ಆತ ತನ್ನ ಅಧ್ಯಯನವನ್ನು ಮುಂದುವರಿಸಿದನು. ಕಲ್ಲಿದ್ದಲನ್ನು ಸುಡುವುದರಿಂದ ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿ ಭೂಮಿ ಬೆಚ್ಚಗಾಗಬಹುದೆಂದು 1901ರಷ್ಟು ಹಿಂದೆಯೇ ಬರೆದ ಕೆಲವೇ ವಿಜ್ಞಾನಿಗಳಲ್ಲಿ ಅವನೊಬ್ಬ. ಮುಂದೆ ಸ್ವೀಡನ್ನಿನ ಹವಾಮಾನ ಸಂಸ್ಥೆಯ ಮುಖ್ಯಸ್ಥನಾದನು. 1923ರಲ್ಲಿ ತೀರಿಕೊಂಡನು. ಗೆಳೆಯರಿಗೆ ಏನಾಯಿತೆಂಬ ನಿಜ ಹೊರಬೀಳಲು ಆಗ ಇನ್ನೂ ಏಳು ವರ್ಷಗಳಿದ್ದವು.

ನಮ್ಮ ಮನೆಗಳಲ್ಲಿಯೂ ಇಂತಹ ಬಲೂನುಗಳು ಹಾರಲು ಸಿದ್ಧವಾಗಿ ನಿಂತಿರುತ್ತವೆ. ಕೈಮೀರಿದ ಸಾಲದಲ್ಲಿ ನಿಶ್ಚಯವಾದ ಮದುವೆ, ಮಗುವಿಗೆ ಒಗ್ಗದ ಓದು, ಆರಂಭಿಸಿದ್ದೇವೆಂಬ ಒಂದೇ ಕಾರಣಕ್ಕೆ ಮುಂದುವರಿಯುವ ಕೆಲಸ. ಸೋರಿಕೆ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ‘ನಾಲ್ಕು ಜನ ಏನೆಂದಾರು’ ಎಂಬ ಅಳುಕಿನಿಂದ ರಾತ್ರೋರಾತ್ರಿ ಅನಿಲ ತುಂಬಿಸಿ ಹಗಲಿನಲ್ಲಿ ಉಬ್ಬಿದ ಬಲೂನನ್ನು ತೋರಿಸುತ್ತೇವೆ. ಅಂತಹ ಹೊತ್ತಿನಲ್ಲಿ ಮನೆಯಲ್ಲೊಬ್ಬರು ಲೆಕ್ಕ ಹಿಡಿದು ನಿಂತು, ‘ಇದು ಸಾಗದು’ ಎಂದರೆ ಅವರನ್ನು ಹೇಡಿಯೆಂದು, ಅಪಶಕುನದವರೆಂದು ಜರೆಯದಿರೋಣ. ಅವರ ಮಾತನ್ನು ಕೂತು ಕೇಳುವಷ್ಟು ವ್ಯವಧಾನ ನಮಗಿರಲಿ.

1926ರ ಮೇ 12ರಂದು ‘ನೋರ್ಗೆ’ ಎಂಬ ವಾಯುನೌಕೆ ಅದೇ ಸ್ಪಿಟ್ಸ್‌ಬರ್ಗನ್ನಿನಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿತು. ಅದಕ್ಕೆ ಎಂಜಿನ್ನುಗಳಿದ್ದವು, ಚುಕ್ಕಾಣಿಯಿತ್ತು. ಆಗಸದಿಂದ ಧ್ರುವವನ್ನು ತಲಪಬಹುದೆಂಬ ಆಂಡ್ರೆಯ ಕನಸು ಸುಳ್ಳಾಗಿರಲಿಲ್ಲ. ಸೋರುತ್ತಿದ್ದದ್ದು ಬಲೂನು ಮಾತ್ರ; ಅದನ್ನು ಹೇಳಿದವನೊಬ್ಬನಿದ್ದನು, ಕೇಳುವವರು ಇರಲಿಲ್ಲ.