ಮರಳನ್ನು ಕಟ್ಟಿಹಾಕಿದ ಹುಲ್ಲು

ಕಥೆಗಾರರು ಮರುಭೂಮಿಯನ್ನು ಬಹಳ ಸುಲಭವಾಗಿ ಕಟ್ಟಿಬಿಡುತ್ತಾರೆ. ಒಂದಿಷ್ಟು ಮರಳು, ನೆತ್ತಿ ಸುಡುವ ಬಿಸಿಲು, ದೂರದಲ್ಲೊಂದು ಒಂಟೆಗಳ ಸಾಲು, ಬಾಯಾರಿದ ನಾಯಕ. ಅವನು ದಾಟಿಹೋದ ಮೇಲೆ ಕತೆಗೆ ಮರುಭೂಮಿಯ ಹಂಗಿಲ್ಲ. ಅಲ್ಲಿ ಯಾರು ಬದುಕುತ್ತಾರೆ, ಏನು ತಿನ್ನುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ ಎಂದು ಕೇಳುವವರು ಕಡಿಮೆ. ಕಲ್ಪಿತ ಲೋಕಗಳ ಭೂಗೋಳ ನನ್ನ ಸಂಶೋಧನೆಯ ಒಂದು ಭಾಗ. ಹಾಗಾಗಿ ಈ ಪ್ರಶ್ನೆಗಳನ್ನು ಹಿಡಿದು ನಾನು ಮತ್ತೆ ಮತ್ತೆ ಹೋಗುವುದು ಫ್ರಾಂಕ್ ಹರ್ಬರ್ಟನ ‘ಡ್ಯೂನ್’ ಕಾದಂಬರಿಯ ಬಳಿಗೆ. ಸಿನಿಮಾದಿಂದಾಗಿ ಈಗ ಆ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಮರಳು ಮೊದಲು ಕಣ್ಣಿಗೆ ಬಿದ್ದದ್ದು ಮರುಭೂಮಿಯಲ್ಲಲ್ಲ, ಧಾರಾಳವಾಗಿ ಮಳೆ ಸುರಿಯುವ ಒಂದು ಕಡಲತೀರದಲ್ಲಿ.

ಅಮೆರಿಕದ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಒಂದು ಚಿಕ್ಕ ಊರು. ವರ್ಷಕ್ಕೆ 1,500 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೂ ಅಲ್ಲಿನ ಕರಾವಳಿಯುದ್ದಕ್ಕೂ ಭಾರಿ ಮರಳದಿಬ್ಬಗಳಿವೆ. ಗಾಳಿಗೆ ಅವು ನಿಧಾನವಾಗಿ ಒಳನಾಡಿನತ್ತ ಸರಿಯುತ್ತ ರಸ್ತೆ, ಮನೆ, ಮರಗಳನ್ನು ಮುಚ್ಚುತ್ತಿದ್ದವು. ಕಾವೇರಿ ದಂಡೆಯ ತಲಕಾಡಿನಲ್ಲಿ ಗುಡಿಗಳು ಮರಳಿನಡಿ ಹೂತದ್ದನ್ನು ಬಲ್ಲ ನಮಗೆ ಇದನ್ನು ನಂಬಲು ಕಷ್ಟವಿಲ್ಲ. ನಾವು ಅಲಮೇಲಮ್ಮನ ಶಾಪದ ಕತೆ ಹೇಳಿದೆವು. ಅಮೆರಿಕದ ಕೃಷಿ ಇಲಾಖೆ ಹುಲ್ಲು ನೆಟ್ಟಿತು.

ಅದು ಯುರೋಪಿನಿಂದ ತಂದ ಕಡಲತೀರದ ಹುಲ್ಲು. ಅದರ ಶಾಸ್ತ್ರೀಯ ಹೆಸರಾದ ‘ಅಮೋಫಿಲಾ’ಕ್ಕೆ ಗ್ರೀಕಿನಲ್ಲಿ ಮರಳನ್ನು ಪ್ರೀತಿಸುವುದು ಎಂದರ್ಥ. ಮೇಲೆ ಮರಳು ಬಿದ್ದಷ್ಟೂ ಅದು ಹೊಸ ಚಿಗುರು ಚಾಚಿ ಮೇಲೇಳುತ್ತದೆ. ಬೇರುಗಳ ಬಲೆ ಹೆಣೆದು ದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ. 1957ರಲ್ಲಿ ಪತ್ರಕರ್ತ ಹರ್ಬರ್ಟ್ ಇದನ್ನು ನೋಡಲು ಚಿಕ್ಕ ವಿಮಾನವೊಂದನ್ನು ಬಾಡಿಗೆಗೆ ಹಿಡಿದು ಹೋದ. ಮೇಲಿನಿಂದ ಅವನಿಗೆ ದಿಬ್ಬಗಳು ನಿಧಾನಗತಿಯ ಸಮುದ್ರದ ಅಲೆಗಳಂತೆ ಕಂಡವು. ಚಲಿಸುವ ಮರಳನ್ನು ಮನುಷ್ಯ ತಡೆದ ಬಗೆಯನ್ನು ಪತ್ರಿಕೆಯೊಂದಕ್ಕೆ ಬರೆಯಬೇಕೆಂದಿದ್ದ. ಆ ಲೇಖನ ಪ್ರಕಟವಾಗಲೇ ಇಲ್ಲ. ಸಾಮಗ್ರಿ ಮಾತ್ರ ಬೆಳೆಯುತ್ತಲೇ ಹೋಯಿತು. 1963ರಿಂದ ‘ಅನಲಾಗ್’ ಪತ್ರಿಕೆಯಲ್ಲಿ ಅದು ಧಾರಾವಾಹಿಯಾಯಿತು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದ ಮೇಲೆ, ವಾಹನ ರಿಪೇರಿಯ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆ 1965ರಲ್ಲಿ ಅದನ್ನು ಪುಸ್ತಕವಾಗಿ ತಂದಿತು.

ಹರ್ಬರ್ಟ್ ಮರುಭೂಮಿಯನ್ನು ಕಟ್ಟಿದ ಕ್ರಮ ಗಮನಿಸಿ. ಅವನು ಹಿಡಿದದ್ದು ಒಂದೇ ನಿಯಮ: ಅರಾಕಿಸ್ ಗ್ರಹದಲ್ಲಿ ಹನಿ ನೀರೂ ಪೋಲಾಗಬಾರದು. ಮಿಕ್ಕದ್ದೆಲ್ಲ ಅದರಿಂದ ತಾನಾಗಿ ಹೊರಡುತ್ತದೆ. ಅಲ್ಲಿನ ಫ್ರೆಮೆನ್ ಜನರ ಉಡುಪು ಬೆವರನ್ನೂ ಉಸಿರಿನ ತೇವವನ್ನೂ ಹಿಡಿದು ಮತ್ತೆ ಕುಡಿಯುವ ನೀರಾಗಿಸುತ್ತದೆ. ಸತ್ತವನ ಮೈಯ ನೀರು ಅವನ ಕುಲಕ್ಕೆ ಸೇರಿದ್ದು. ಒಬ್ಬರ ಮುಂದೆ ಉಗುಳಿದರೆ ಅವಮಾನವಲ್ಲ, ಗೌರವ; ಮೈಯ ತೇವವನ್ನೇ ಕಾಣಿಕೆ ಕೊಟ್ಟಂತೆ. ಸತ್ತವನಿಗಾಗಿ ಅತ್ತರೆ ಜನ ಬೆರಗಾಗುತ್ತಾರೆ. ಉಡುಪು, ಶಿಷ್ಟಾಚಾರ, ಶವಸಂಸ್ಕಾರ, ದುಃಖ ಎಲ್ಲವೂ ಒಂದೇ ಕೊರತೆಯಿಂದ ಹುಟ್ಟಿವೆ. ಅಲಂಕಾರಕ್ಕೆಂದು ತಂದಿಟ್ಟ ಮರುಭೂಮಿಗೂ ಹೀಗೆ ಬದುಕಿನ ಕಟ್ಟಳೆಯಾದ ಮರುಭೂಮಿಗೂ ಇರುವ ಅಂತರ ಇದೇ.

ಆದರೆ ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಹೆಜ್ಜೆ. ಅರಾಕಿಸ್ ಬರಡಾಗಿರುವುದು ಆಕಸ್ಮಿಕವಲ್ಲ. ಅಲ್ಲಿನ ದೈತ್ಯ ಮರಳುಹುಳುಗಳು ಮರಿಯಾಗಿರುವಾಗ ನೀರನ್ನು ಸುತ್ತುವರಿದು ಬಂಧಿಸಿಡುತ್ತವೆ. ಬೆಳೆದ ಹುಳುವಿಗೆ ನೀರೇ ವಿಷ. ಇಡೀ ಸಾಮ್ರಾಜ್ಯವೇ ಹಂಬಲಿಸುವ ಮಸಾಲೆ ಹುಟ್ಟುವುದು ಈ ಜೀವಚಕ್ರದಿಂದ. ಅಂದರೆ ಆ ಮರುಭೂಮಿಯನ್ನು ಜೀವಿಗಳೇ ಮರುಭೂಮಿಯಾಗಿ ಕಾಪಾಡಿಕೊಂಡಿವೆ. ಅದನ್ನು ಹಸಿರಾಗಿಸುವ ಕನಸನ್ನು ಜನರಲ್ಲಿ ಬಿತ್ತಿದವನು ಪಾರ್ಡೊ ಕೈನ್ಸ್, ಸಾಮ್ರಾಜ್ಯ ನೇಮಿಸಿದ ವಿಜ್ಞಾನಿ, ಹೊರಗಿನವನು. ಅವನ ಮೊದಲ ಉಪಾಯ ದಿಬ್ಬಗಳ ಮೇಲೆ ಹುಲ್ಲು ನೆಡುವುದು. ಫ್ಲಾರೆನ್ಸಿನ ಹುಲ್ಲು ಕಾದಂಬರಿಯೊಳಗೆ ಬಂದದ್ದು ಇಲ್ಲಿ. ಮುಂದಿನ ಸಂಪುಟಗಳಲ್ಲಿ ಆ ಕನಸು ನನಸಾಗುತ್ತದೆ. ಹುಳುಗಳು ಅಳಿಯುತ್ತವೆ, ಫ್ರೆಮೆನ್ನರ ಬದುಕಿನ ಕ್ರಮವೂ ಅಳಿಯುತ್ತದೆ.

ಒರೆಗಾನಿನಲ್ಲಿ ಆದದ್ದೂ ಇದಕ್ಕೆ ಹತ್ತಿರ. ಹುಲ್ಲು ಗೆದ್ದಿತು, ಬೇಕಾದ್ದಕ್ಕಿಂತ ಹೆಚ್ಚೇ ಗೆದ್ದಿತು. ಕಡಲಂಚಿನಲ್ಲಿ ಹುಲ್ಲಿನ ದಿಬ್ಬವೊಂದು ಗೋಡೆಯಂತೆ ಎದ್ದು ಒಳಗಿನ ದಿಬ್ಬಗಳಿಗೆ ಮರಳು ಬರುವುದು ನಿಂತಿತು. ಬಯಲು ಮರಳಿದ್ದಲ್ಲಿ ಪೊದೆ, ಮರ ಹಬ್ಬಿದವು. ತೆರೆದ ಮರಳಿನಲ್ಲಿ ಮೊಟ್ಟೆಯಿಡುವ ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿಗೆ ನೆಲೆ ತಪ್ಪಿತು. ಶಾಂತಸಾಗರದ ತೀರದಲ್ಲಿ ಬಾಳುವ ಅದರ ಬಳಗವನ್ನು 1993ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಒಂದು ಕಾಲಕ್ಕೆ ಸರ್ಕಾರವೇ ನೆಡಿಸಿದ ಹುಲ್ಲನ್ನು ಈಗ ಬುಲ್ಡೋಜರ್ ಹಚ್ಚಿ ಕೀಳಿಸುತ್ತಿದ್ದಾರೆ.

ಇದು ದೂರದ ಕತೆ ಎನ್ನಲಾಗದು. ನಾವು ಬಳ್ಳಾರಿ ಜಾಲಿ ಎನ್ನುವ ಗಿಡ ಅಮೆರಿಕ ಖಂಡದಿಂದ ಬಂದದ್ದು. ಬರಡು ನೆಲವನ್ನು ಹಸಿರಾಗಿಸುತ್ತದೆಂದು ಜೋಧಪುರ ಸಂಸ್ಥಾನ 1940ರಲ್ಲಿ ಅದಕ್ಕೆ ರಾಜಸಸ್ಯದ ಪಟ್ಟ ಕಟ್ಟಿತು. ಉಪ್ಪು ನೆಲ ಹಬ್ಬದಿರಲೆಂದು 1960ರ ದಶಕದಲ್ಲಿ ಅರಣ್ಯ ಇಲಾಖೆ ಅದನ್ನು ಕಚ್ಛದ ಬನ್ನಿ ಹುಲ್ಲುಗಾವಲಿನ ಬದಿಗೆ ನೆಟ್ಟಿತು. ಗಿಡ ಹುಲ್ಲುಗಾವಲಿನೊಳಕ್ಕೆ ನುಗ್ಗಿತು, ಮೇವು ಕುಗ್ಗಿತು, ದನ ಎಮ್ಮೆ ಸಾಕುವ ಮಾಲಧಾರಿಗಳು ಪಾಡುಪಟ್ಟರು. ಅದೇ ಗಿಡದ ಇದ್ದಿಲು ಮಾರಿ ಬದುಕುವವರೂ ಈಗ ಅಲ್ಲಿದ್ದಾರೆ. ಹಾಗಾಗಿ ಅದನ್ನು ಕಿತ್ತೆಸೆಯುವುದೂ ಸುಲಭವಲ್ಲ. ಅಲ್ಲಿನವರು ಅದನ್ನು ಕರೆಯುವುದು ‘ಗಾಂಡೋ ಬಾವಳ್’ ಎಂದು, ಹುಚ್ಚು ಜಾಲಿ.

ಜೋಧಪುರದ ಅರಸು, ಅಮೆರಿಕದ ಕೃಷಿ ಇಲಾಖೆ, ಕಾದಂಬರಿಯ ಕೈನ್ಸ್ ಮೂವರೂ ಆ ನೆಲವನ್ನು ಹಾಳುಬಿದ್ದ ಜಾಗವಾಗಿ, ಸರಿಪಡಿಸಬೇಕಾದದ್ದಾಗಿ ಕಂಡರು. ವ್ಯತ್ಯಾಸವಿಷ್ಟೇ: ಸರಿಪಡಿಸಿದ್ದಕ್ಕೆ ತೆರಬೇಕಾದ ಬೆಲೆಯನ್ನು ಹರ್ಬರ್ಟ್ ಕತೆಯೊಳಗೇ ಲೆಕ್ಕ ಹಾಕಿಟ್ಟ. ವಿಜ್ಞಾನ ಕಥೆಗೆ ಇಂಥ ಕೆಲಸ ಸಾಧ್ಯ ಎಂಬುದೇ ನಾನು ಈ ಪ್ರಕಾರವನ್ನು ಇತಿಹಾಸದ ವಿದ್ಯಾರ್ಥಿಯಾಗಿ ಓದುವುದಕ್ಕೆ ಕಾರಣ.

ಕನ್ನಡದಲ್ಲಿ ಹೊಸ ಲೋಕ ಕಟ್ಟಲು ಹೊರಟಿರುವ ಗೆಳೆಯರಿಗೆ ಒಂದು ಮಾತು. ಮರುಭೂಮಿಗೆ ನಮ್ಮಲ್ಲಿ ಮರಳುಗಾಡು ಎಂಬ ಪದವಿದೆ. ಅದರೊಳಗೆ ಕಾಡು ಇದೆ. ಕಾಡೆಂದರೆ ಮರಗಳಷ್ಟೇ ಅಲ್ಲ; ಊರಿನ ಆಚೆ, ತನ್ನದೇ ಜೀವಗಳನ್ನು ಇಟ್ಟುಕೊಂಡಿರುವ ಜಾಗ. ಮರಳನ್ನು ಸುರಿಯುವ ಮೊದಲು ಅಲ್ಲಿ ನೀರು ಯಾರ ಬಳಿ ಇದೆ, ಅದನ್ನು ಯಾವ ಜೀವ ಬಚ್ಚಿಟ್ಟುಕೊಂಡಿದೆ, ಹಸಿರು ಬಂದರೆ ಯಾರು ಎದ್ದು ಹೋಗಬೇಕಾಗುತ್ತದೆ ಎಂದು ಕೇಳಿಕೊಳ್ಳಿ. ಅಷ್ಟು ಗೊತ್ತಾದರೆ ಒಂಟೆಗಳ ಸಾಲನ್ನು ಆಮೇಲೆ ಸೇರಿಸಿಕೊಳ್ಳಬಹುದು.