ಪಟ್ಟಿಯಿಂದ ಪಡೆಗೆ

ಖಾಕಿ ಉಡುಪು ತೊಟ್ಟವರು ಹತ್ತು ಜನರ ನಡುವೆಯೂ ಎದ್ದು ಕಾಣುತ್ತಾರೆ. ಆದರೆ ಆ ಉಡುಪಿನೊಳಗಿನ ಮನುಷ್ಯನು ತಾನು ಯಾರೆಂಬುದನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳುವ ಸ್ವಾತಂತ್ರ್ಯ ನಮ್ಮಲ್ಲಿ ತೀರ ಈಚಿನದು. ಇದರ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ.

1860ರ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧದ ಸಾಲಿಗೆ ಸೇರಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇನ್ನೂ ಮುಂದೆ ಹೋಗಿ, ಹಿಜಡಾ ಜನರಲ್ಲಿ ಸಂಶಯಕ್ಕೆ ಪಾತ್ರರಾದವರ ಹೆಸರು, ವಾಸಸ್ಥಳಗಳ ಪಟ್ಟಿಯಿಡಬೇಕೆಂದು ವಿಧಿಸಿತು. ಪಟ್ಟಿಗೆ ಸೇರಿದವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷಗಳವರೆಗೆ ಸೆರೆ. ಕಣ್ಣಿಗೆ ಬೀಳುವುದೇ ಅಪರಾಧವಾಯಿತು.

ಸವದತ್ತಿ ಎಲ್ಲಮ್ಮನ ಗುಡ್ಡವನ್ನು ಬಲ್ಲ ಬೆಳಗಾವಿ ಸೀಮೆಯವರಿಗೆ ಇದು ವಿಚಿತ್ರವೆನಿಸೀತು. ಸೀರೆಯುಟ್ಟು, ಚೌಡಿಕೆ ನುಡಿಸುತ್ತ ಬರುವ ಜೋಗಪ್ಪನಿಗೆ ಇಲ್ಲಿಯ ಮನೆಯಾಕೆ ಮೊರದಲ್ಲಿ ಜೋಳ ತಂದು ನೀಡಿ ಕೈಮುಗಿಯುತ್ತಾಳೆ. ಆದರೆ ಅದೇ ಜೋಗಪ್ಪ ಆಟೋ ನಗರದ ಗ್ಯಾರೇಜಿಗೆ ಕೆಲಸ ಕೇಳಿಕೊಂಡು ಹೋದರೆ? ಪೋಲೀಸು ಭರತಿಯ ಸಾಲಿನಲ್ಲಿ ನಿಂತರೆ? ದೇವಿಯ ಹೆಸರಿನಲ್ಲಿ ಸಲ್ಲುವ ಗೌರವ ದುಡಿಮೆಗೆ ಸಲ್ಲುವುದು ಅಷ್ಟು ಸುಲಭವಲ್ಲ.

ಪಟ್ಟಿಯಿಡುವ ಬುದ್ಧಿ ಬ್ರಿಟಿಷರೊಡನೆ ಹೋಗಲಿಲ್ಲ. 1963ರ ಕರ್ನಾಟಕ ಪೋಲೀಸು ಕಾಯಿದೆಗೆ 2011ರಲ್ಲಿ 36ಎ ಕಲಮನ್ನು ಸೇರಿಸಿ, ಹೆಚ್ಚುಕಡಿಮೆ 1871ರ ಮಾತುಗಳನ್ನೇ ಮತ್ತೆ ಬರೆಯಲಾಯಿತು. ಅದು ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾದ ಬಳಿಕ ಆ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿ’ ಎಂದು ತಿದ್ದಲಾಯಿತು. ಅಷ್ಟರೊಳಗೆ, 2014ರ ಏಪ್ರಿಲ್ 15ರಂದು, ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟಿತ್ತು.

ಮುಂದಿನ ಹೆಜ್ಜೆ ಪೋಲೀಸು ಭರತಿಯಿಂದಲೇ ಬಂದುದು ಸ್ವಾರಸ್ಯ. 2020ರಲ್ಲಿ ವಿಶೇಷ ಮೀಸಲು ಪೋಲೀಸು ಪೇದೆ ಮತ್ತು ಬ್ಯಾಂಡು ವಾದಕರ ಹುದ್ದೆಗಳಿಗೆ ಗಂಡಸರು, ಹೆಂಗಸರಿಂದ ಮಾತ್ರ ಅರ್ಜಿ ಕರೆದಾಗ, ‘ಸಂಗಮ’ ಸಂಸ್ಥೆಯು ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಫಲವಾಗಿ 2021ರ ಜುಲೈಯಲ್ಲಿ ನೇಮಕಾತಿ ನಿಯಮಗಳು ತಿದ್ದುಪಡಿಯಾಗಿ, ಸರಕಾರಿ ಹುದ್ದೆಗಳಲ್ಲಿ ಶೇಕಡ 1ರಷ್ಟು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಾಯಿತು. ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ರಾಜ್ಯ ನಮ್ಮದು. ಅತ್ತ ತಮಿಳುನಾಡಿನಲ್ಲಿ ಪೃಥಿಕಾ ಯಾಶಿನಿ ಅವರು ಮದರಾಸು ಉಚ್ಚ ನ್ಯಾಯಾಲಯದಲ್ಲಿ ಗೆದ್ದು, 2017ರಲ್ಲಿ ಸಬ್ ಇನ್‌ಸ್ಪೆಕ್ಟರರಾದರು.

ಸಲಿಂಗಪ್ರೇಮಿ ಪೋಲೀಸರ ಮಾತು ಬೇರೆ. ಅವರಿಗೆ ಅರ್ಜಿಯಲ್ಲಿ ಯಾವ ಅಂಕಣವೂ ಇಲ್ಲ. ತಾವಾಗಿ ಹೇಳಿದರಷ್ಟೇ ಲೋಕಕ್ಕೆ ಗೊತ್ತು. ನ್ಯೂಯಾರ್ಕಿನ ಸಾರ್ಜೆಂಟ್ ಚಾರ್ಲ್ಸ್ ಕೊಕ್ರೇನ್ 1981ರಲ್ಲಿ ನಗರಸಭೆಯ ಮುಂದೆ ನಿಂತು ಹಾಗೆ ಹೇಳಿ, ಮರುವರ್ಷ ಅಂಥ ಪೋಲೀಸರದೇ ಒಂದು ಸಂಘ ಕಟ್ಟಿದರು. ನಮ್ಮಲ್ಲಾದರೋ 2018ರ ಸೆಪ್ಟೆಂಬರ್ 6ರ ತೀರ್ಪಿನವರೆಗೆ, ಹಾಗೆ ಹೇಳಬಯಸಿದ ಪೇದೆ ತಾನು ಜಾರಿಗೊಳಿಸಬೇಕಾದ ಕಾಯಿದೆಗೆ ತಾನೇ ಹೆದರಬೇಕಿತ್ತು.

ಇದು ಪೋಲೀಸರದಷ್ಟೇ ಪ್ರಶ್ನೆಯಲ್ಲ. ಗುಟ್ಟು ಬಯಲು ಮಾಡುವೆನೆಂದು ಯಾರೋ ಹೆದರಿಸಿ ಹಣ ಕೀಳುತ್ತಿರುವಾಗ, ಹುಡುಗನೊಬ್ಬ ಠಾಣೆಯ ಮೆಟ್ಟಿಲೇರಬೇಕಾದರೆ ಒಳಗೆ ತನ್ನ ಮಾತು ಕೇಳುವವರಿದ್ದಾರೆಂಬ ನಂಬಿಕೆ ಬೇಕು. 2021ರ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತದೆ. ಸರಕಾರ ಬಾಗಿಲು ತೆರೆದಿದೆ; ಓದಿಸಿ, ಬೆನ್ನುತಟ್ಟಿ, ಅಲ್ಲಿಯವರೆಗೆ ಕಳಿಸಿಕೊಡುವ ಕೆಲಸ ಮನೆಯವರದು, ಶಾಲೆಯವರದು, ನಮ್ಮೆಲ್ಲರದು.