ಎಂ.ಜಿ. ರಸ್ತೆ ಆಸುಪಾಸು ರೂಮ್ ಮಾಡುವ ಮುನ್ನ: ಯಾವ ಫಾರ್ವರ್ಡ್ ನಿಜ, ಯಾವುದು ಸುಳ್ಳು?

"ಹೋಟೆಲ್ ರೂಮಿನ ಕನ್ನಡಿಗೆ ಉಗುರು ತಾಗಿಸಿ ನೋಡಿ. ಉಗುರಿಗೂ ಪ್ರತಿಬಿಂಬಕ್ಕೂ ನಡುವೆ ಅಂತರ ಇಲ್ಲದಿದ್ದರೆ ತಕ್ಷಣ ರೂಮ್ ಖಾಲಿ ಮಾಡಿ. ಎಲ್ಲ ಹೆಣ್ಣುಮಕ್ಕಳಿಗೂ ಕಳಿಸಿ."

ಈ ಸಂದೇಶ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬಹುದು. ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿತ್ತು. ಕೆಲಸದ ಸಂದರ್ಶನಕ್ಕೆಂದು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದ ಮಗಳಿಗೆ ನಮ್ಮ ಚಿಕ್ಕಮ್ಮ ಅದನ್ನು ತಪ್ಪದೆ ಕಳಿಸಿದ್ದರು. ತಂಗಿ ಉಗುರು ಇಟ್ಟು ನೋಡಿದಳು, ಎಲ್ಲ ಸರಿಯಿದೆ ಎಂದು ಸಮಾಧಾನಪಟ್ಟಳು. ಆದರೆ ಆ ರೂಮಿನ ಕಿಟಕಿ ಪಕ್ಕದ ಕಟ್ಟಡದ ಟೆರೇಸ್ ಪಬ್‌ಗೆ ನೇರ ಎದುರಾಗಿತ್ತು. ಶುಕ್ರವಾರ ರಾತ್ರಿ ಒಂದೂವರೆವರೆಗೆ ಅವಳಿಗೆ ಕಣ್ಣು ಮುಚ್ಚಲು ಆಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸಂದರ್ಶನ. "ಕಿಟಕಿ ಯಾವ ಕಡೆಗಿದೆ ಕೇಳು" ಎಂಬ ಫಾರ್ವರ್ಡ್ ಅವಳಿಗೆ ಯಾರೂ ಕಳಿಸಿರಲಿಲ್ಲ.

ಸಂದರ್ಶನ, ಪರೀಕ್ಷೆ, ವೀಸಾ, ಕ್ರಿಕೆಟ್ ಪಂದ್ಯ, ಹೊಸ ವರ್ಷ ಹೀಗೆ ಒಂದಲ್ಲ ಒಂದು ಕಾರಣಕ್ಕೆ ಜನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯ ಸುತ್ತ ರೂಮ್ ಹುಡುಕುತ್ತಾರೆ. ಇಂದಿರಾನಗರ, ಕೋರಮಂಗಲದ ಕಥೆಯೂ ಇದೇ. ಬಜೆಟ್ ಅಥವಾ ಮಧ್ಯಮ ದರದ ರೂಮ್ ಆರಿಸುವಾಗ ನಿಜವಾಗಿ ನೋಡಬೇಕಾದದ್ದೇನು, ಫಾರ್ವರ್ಡ್‌ಗಳಲ್ಲಿ ಹುರುಳೆಷ್ಟು ಎಂದು ಒಂದೊಂದಾಗಿ ನೋಡೋಣ.

ಮಾತು 1: "ಮೇಲಿನ ಮಹಡಿ ತೆಗೆದುಕೊಂಡರೆ ಗಲಾಟೆ ಕೇಳುವುದಿಲ್ಲ"

ಅರ್ಧ ನಿಜ. ರಸ್ತೆಯ ಹಾರ್ನ್, ಮಾತುಕತೆ ಮೇಲೆ ಹೋದಂತೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಈ ಭಾಗದ ಪಬ್‌ಗಳಲ್ಲಿ ಹಲವು ಇರುವುದು ಟೆರೇಸ್ ಮೇಲೆ. ನೀವು ಐದನೇ ಮಹಡಿಗೆ ಹೋದರೆ ರಸ್ತೆಯಿಂದ ದೂರವಾದಿರಿ ನಿಜ, ಸ್ಪೀಕರ್‌ಗೆ ಹತ್ತಿರವಾದಿರಿ.

ಎರಡನೆಯ ವಿಷಯ, ಸಂಗೀತದ 'ಧಂ ಧಂ' ಶಬ್ದ. ಇದು ಕಡಿಮೆ ಆವರ್ತನದ ಶಬ್ದ. ಸೆಕೆಂಡಿಗೆ 60 ಕಂಪನವಿರುವ ಶಬ್ದದ ಒಂದು ಅಲೆ ಗಾಳಿಯಲ್ಲಿ ಸುಮಾರು 5.7 ಮೀಟರ್ ಉದ್ದ ಇರುತ್ತದೆ. ತೆಳು ಗಾಜಿನ ಕಿಟಕಿಯಾಗಲಿ, ಪ್ಲೈವುಡ್ ಪಾರ್ಟಿಷನ್ ಆಗಲಿ ಇದನ್ನು ಹೆಚ್ಚೇನೂ ತಡೆಯುವುದಿಲ್ಲ. ಮಾತು, ಹಾರ್ನ್‌ಗಳಂಥ ಏರು ಶಬ್ದಕ್ಕೆ ಕಿಟಕಿ ಮುಚ್ಚಿದರೆ ಗುಣ ಕಾಣುತ್ತದೆ, ಧಂ ಧಂ ಶಬ್ದಕ್ಕೆ ಅಷ್ಟಾಗಿ ಕಾಣುವುದಿಲ್ಲ. ಕಿವಿಗೆ ಹಾಕುವ ಫೋಮ್ ಬಿರಡೆಗಳ ಕಥೆಯೂ ಹಾಗೆಯೇ.

ಮೂರನೆಯದು, ಕಾನೂನು. ಶಬ್ದಮಾಲಿನ್ಯ ನಿಯಮಗಳು 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಣಿಜ್ಯ ಪ್ರದೇಶದಲ್ಲಿ ಶಬ್ದದ ಮಿತಿ 55 ಡೆಸಿಬೆಲ್, ವಸತಿ ಪ್ರದೇಶದಲ್ಲಿ 45. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2009ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ನಿದ್ದೆಗೆ ತೊಂದರೆಯಾಗದಿರಲು ರಾತ್ರಿ ಮನೆಯ ಹೊರಗಿನ ಶಬ್ದ ವರ್ಷದ ಸರಾಸರಿಯಲ್ಲಿ 40 ಡೆಸಿಬೆಲ್ ಮೀರಬಾರದು ಎಂದಿದೆ. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದಂತಲ್ಲ: 10 ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು. ಅಂದರೆ 40ಕ್ಕೂ 55ಕ್ಕೂ ಇರುವ ಅಂತರ ಸುಮಾರು 30 ಪಟ್ಟು. ಒಂದು ಸರಾಸರಿ ಲೆಕ್ಕ, ಇನ್ನೊಂದು ಕಾನೂನಿನ ಮಿತಿ ಎಂಬುದು ನಿಜ. ಆದರೂ ಇದರಿಂದ ತಿಳಿಯುವುದಿಷ್ಟು: ಎಲ್ಲರೂ ನಿಯಮ ಪಾಲಿಸಿದರೂ ವಾಣಿಜ್ಯ ಬೀದಿಯ ಕಡೆಗಿನ ರೂಮಿನಲ್ಲಿ ನೆಮ್ಮದಿಯ ನಿದ್ದೆ ಬರುತ್ತದೆ ಎಂಬ ಖಾತರಿ ಇಲ್ಲ.

ಹಾಗಾದರೆ ಏನು ಮಾಡಬೇಕು? ಮಹಡಿ ಕೇಳುವ ಬದಲು ದಿಕ್ಕು ಕೇಳಿ. "ರಸ್ತೆ ಕಡೆ ಬೇಡ, ಹಿಂಭಾಗದ ರೂಮ್ ಕೊಡಿ. ಕಿಟಕಿ ಎದುರು ಪಬ್ ಇದೆಯಾ?" ಎಂದು ಫೋನ್ ಮಾಡಿ ನೇರವಾಗಿ ಕೇಳಿ. ಮ್ಯಾಪ್‌ನಲ್ಲಿ ಹೋಟೆಲ್ ಸುತ್ತ ಐವತ್ತು ಮೀಟರ್‌ನಲ್ಲಿ ಏನೇನಿದೆ ನೋಡಿ. ನೀವು ಉಳಿಯುವ ಹೋಟೆಲ್‌ನಲ್ಲೇ ರೂಫ್‌ಟಾಪ್ ಬಾರ್ ಇದ್ದರೆ ಅದರ ಕೆಳಗಿನ ಮಹಡಿ ಬೇಡವೆನ್ನಿ. ಬೆಂಗಳೂರಿನಲ್ಲಿ ಪಬ್‌ಗಳಿಗೆ ರಾತ್ರಿ 1ರವರೆಗೆ ಅನುಮತಿ ಇದೆ. ಆದರೆ ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಲು ಸಾಮಾನ್ಯವಾಗಿ ಅವಕಾಶವಿಲ್ಲ. ತೊಂದರೆ ವಿಪರೀತವಾದರೆ 112ಕ್ಕೆ ದೂರು ಕೊಡಬಹುದು.

ಮಾತು 2: "ಹೃದಯಭಾಗದಲ್ಲೇ ರೂಮ್ ಮಾಡಿದರೆ ದುಡ್ಡು ಉಳಿಯುತ್ತದೆ"

ನಿಮ್ಮ ಕೆಲಸ ಏನು ಎಂಬುದರ ಮೇಲೆ ಇದು ನಿಂತಿದೆ. ರಾತ್ರಿ ತಡವಾಗಿ ಮುಗಿಯುವ ಕಾರ್ಯಕ್ರಮವಿದ್ದು, ನಡೆದೇ ವಾಪಸಾಗಬೇಕು ಎಂದರೆ ಹತ್ತಿರದ ರೂಮ್ ಒಳ್ಳೆಯದು. ಬೆಳಗಿನ ಕೆಲಸಕ್ಕೆ ಬಂದವರಿಗೆ ಒಂದೆರಡು ಮೆಟ್ರೊ ನಿಲ್ದಾಣ ದೂರವಿದ್ದರೆ ನಷ್ಟವೇನಿಲ್ಲ.

ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಯಿಂದ ಪೂರ್ವಕ್ಕೆ ಟ್ರಿನಿಟಿ, ಹಲಸೂರು. ಪಶ್ಚಿಮಕ್ಕೆ ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಆಮೇಲೆ ಮೆಜೆಸ್ಟಿಕ್. ಒಂದು ಲೆಕ್ಕ ಹಾಕೋಣ. ಎಂ.ಜಿ. ರಸ್ತೆಯಲ್ಲಿ 2,800 ರೂಪಾಯಿಯ ರೂಮ್, ಹಲಸೂರಿನಲ್ಲಿ ಅಂಥದ್ದೇ ರೂಮ್ 2,200 ಎಂದಿಟ್ಟುಕೊಳ್ಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮ್‌ಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ತೆರಿಗೆ ಸೇರಿ 2,940 ಮತ್ತು 2,310, ಉಳಿತಾಯ 630 ರೂಪಾಯಿ. ರಾತ್ರಿ ಮೆಟ್ರೊ ತಪ್ಪಿದರೆ ಮೂರು ಕಿ.ಮೀ. ಆಟೊಗೆ ಸರ್ಕಾರಿ ದರದಲ್ಲಿ (2 ಕಿ.ಮೀ.ಗೆ 36, ನಂತರ ಕಿ.ಮೀ.ಗೆ 18, ರಾತ್ರಿ 10ರಿಂದ 5ರವರೆಗೆ ಒಂದೂವರೆ ಪಟ್ಟು) ಆಗುವುದು 81 ರೂಪಾಯಿ. ಮೀಟರ್ ಹಾಕದೆ ಇದರ ಎರಡು ಪಟ್ಟು ಕೇಳಿದರೂ ಲಾಭ ನಿಮ್ಮದೇ.

ಎರಡು ಎಚ್ಚರಿಕೆ. ಹಲವು ಲಾಡ್ಜ್‌ಗಳು ರಾತ್ರಿ ಹೊತ್ತು ಗೇಟ್ ಹಾಕುತ್ತವೆ, ತಡವಾಗಿ ಬರುವುದಿದ್ದರೆ ಮೊದಲೇ ಹೇಳಿಡಿ. ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ವಾಹನ ಸಂಚಾರ ನಿರ್ಬಂಧಿಸುತ್ತಾರೆ, ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣವನ್ನೂ ಕೆಲವು ವರ್ಷ ಮುಚ್ಚಿದ್ದಾರೆ. ಆ ದಿನ ಲಗೇಜ್ ಹಿಡಿದು ಸಂಜೆಯ ಮೇಲೆ ಚೆಕ್-ಇನ್ ಮಾಡಲು ಹೋಗಬೇಡಿ.

ಮಾತು 3: "ಆ್ಯಪ್‌ನಲ್ಲಿ ನಾಲ್ಕು ಸ್ಟಾರ್ ಇದೆ, ಅಂದರೆ ಫೋರ್ ಸ್ಟಾರ್ ಹೋಟೆಲ್"

ಸುಳ್ಳು. ಹೋಟೆಲ್‌ಗಳಿಗೆ ಸ್ಟಾರ್ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಹೋಟೆಲ್‌ಗಳು ತಾವಾಗಿ ಅರ್ಜಿ ಹಾಕಿ ಪಡೆಯುವ ವರ್ಗೀಕರಣ ಅದು. ಆ್ಯಪ್‌ನಲ್ಲಿ ಕಾಣುವುದು ಗ್ರಾಹಕರು ಕೊಟ್ಟ ಅಂಕ. ಎರಡಕ್ಕೂ ಸಂಬಂಧವಿಲ್ಲ.

ಗ್ರಾಹಕರ ಅಂಕ ಓದುವುದಕ್ಕೂ ಒಂದು ಕ್ರಮ ಇದೆ. ಮೂವತ್ತು ಜನ ಕೊಟ್ಟ 4.6ಕ್ಕಿಂತ ಎರಡು ಸಾವಿರ ಜನ ಕೊಟ್ಟ 4.0 ಹೆಚ್ಚು ನಂಬಲರ್ಹ. ಹೊಸ ವಿಮರ್ಶೆಗಳನ್ನು ಮೊದಲು ಓದಿ, ಮೂರು ಸ್ಟಾರ್ ಕೊಟ್ಟವರ ಮಾತನ್ನು ತಪ್ಪದೆ ಓದಿ. ಹೊಗಳುವ, ಬೈಯುವ ಉದ್ದೇಶ ಎರಡೂ ಇಲ್ಲದವರು ಅಲ್ಲೇ ಹೆಚ್ಚು ಸಿಗುತ್ತಾರೆ. 'ಮ್ಯೂಸಿಕ್', 'ನಾಯ್ಸ್', 'ಬಿಸಿನೀರು' ಎಂದು ಹುಡುಕಿ ನೋಡಿ. ಗ್ರಾಹಕರೇ ಹಾಕಿದ ಫೋಟೊಗಳಲ್ಲಿ ಬಾತ್‌ರೂಮ್, ಕಾರಿಡಾರ್, ಕಿಟಕಿ ಹೇಗಿದೆ ಗಮನಿಸಿ.

ಮಾತು 4: "ಉಗುರು ಪರೀಕ್ಷೆಯಿಂದ ಗುಪ್ತ ಕನ್ನಡಿ ಗೊತ್ತಾಗುತ್ತದೆ"

ನಂಬುವಂತಿಲ್ಲ. ಉಗುರಿಗೂ ಪ್ರತಿಬಿಂಬಕ್ಕೂ ಅಂತರ ಕಾಣುವುದು ಕನ್ನಡಿಯ ಲೇಪ ಗಾಜಿನ ಹಿಂಭಾಗದಲ್ಲಿದ್ದಾಗ. ಲೇಪ ಮುಂಭಾಗದಲ್ಲಿದ್ದರೆ ಅಂತರ ಕಾಣುವುದಿಲ್ಲ. ಇಷ್ಟರಿಂದ ಆ ಕಡೆಯಿಂದ ಯಾರಾದರೂ ನೋಡಬಹುದೇ ಇಲ್ಲವೇ ಎಂದು ಹೇಳಲು ಬರುವುದಿಲ್ಲ. ಒಳ್ಳೆಯ ಕನ್ನಡಿಯನ್ನು ಅನುಮಾನಿಸಬಹುದು, ಕೆಟ್ಟದ್ದನ್ನು ನಂಬಲೂಬಹುದು.

ಇದಕ್ಕಿಂತ ಉಪಯುಕ್ತ ವಿಧಾನ: ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕನ್ನಡಿಗೆ ಒತ್ತಿ ಹಿಡಿದು ಒಳಗೆ ನೋಡಿ. ಹಿಂದೆ ಖಾಲಿ ಜಾಗವಿದ್ದರೆ ಮಬ್ಬಾಗಿಯಾದರೂ ಕಾಣುತ್ತದೆ. ಕನ್ನಡಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಹಾಸಿಗೆಗೆ, ಬಾತ್‌ರೂಮಿಗೆ ಮುಖ ಮಾಡಿರುವ ಚಾರ್ಜರ್, ಗಡಿಯಾರ, ಸ್ಮೋಕ್ ಡಿಟೆಕ್ಟರ್, ಸೆಟ್‌ಟಾಪ್ ಬಾಕ್ಸ್‌ಗಳನ್ನು. ಕತ್ತಲಲ್ಲಿ ಟಾರ್ಚ್ ಬೆಳಕು ಹಾಯಿಸಿದರೆ ಲೆನ್ಸ್ ಇದ್ದಲ್ಲಿ ಚುಕ್ಕಿಯಂತೆ ಮಿನುಗಬಹುದು. ಮೊಬೈಲ್ ಕ್ಯಾಮೆರಾದಿಂದ ನೋಡಿದರೆ ಎಲ್ಲ ಗುಪ್ತ ಕ್ಯಾಮೆರಾಗಳೂ ಸಿಗುತ್ತವೆ ಎಂಬುದು ಮಾತ್ರ ಸುಳ್ಳು. ಅದರಲ್ಲಿ ಇನ್‌ಫ್ರಾರೆಡ್ ದೀಪ ಹೊತ್ತಿರುವಾಗ ಕೆಲವೊಮ್ಮೆ ಕಂಡೀತು, ಅಷ್ಟೇ.

ಏನಾದರೂ ಸಿಕ್ಕರೆ ಮುಟ್ಟಬೇಡಿ, ಬಿಚ್ಚಬೇಡಿ. ಫೋಟೊ ತೆಗೆದು, ರೂಮಿನಿಂದ ಹೊರಬಂದು 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಸೆಕ್ಷನ್ ಅಡಿ ಅಪರಾಧ.

ಮಾತು 5: "ಮದುವೆಯಾಗದವರು ಒಂದೇ ರೂಮಿನಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆ, ಆಧಾರ್ ಬಿಟ್ಟು ಬೇರೆ ಕಾರ್ಡ್ ನಡೆಯುವುದಿಲ್ಲ"

ಎರಡೂ ತಪ್ಪು. ವಯಸ್ಕರಾದ ಅವಿವಾಹಿತರು ಒಂದೇ ರೂಮಿನಲ್ಲಿ ಉಳಿಯುವುದನ್ನು ಅಪರಾಧವೆನ್ನುವ ಕಾನೂನು ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೆ ಕೆಲವು ಹೋಟೆಲ್‌ಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. 'ಲೋಕಲ್ ಐಡಿ ನಡೆಯುವುದಿಲ್ಲ' ಎನ್ನುವ ಜಾಗಗಳೂ ಇವೆ, ಬೆಂಗಳೂರಿನ ವಿಳಾಸವಿದ್ದರೆ ರೂಮ್ ಕೊಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್ ಎದುರು ವಾದ ಮಾಡುವುದಕ್ಕಿಂತ ಬುಕಿಂಗ್ ಮಾಡುವಾಗಲೇ ಹೋಟೆಲ್ ನಿಯಮ ಓದುವುದು ಒಳಿತು.

ಗುರುತಿನ ಚೀಟಿ ಕೇಳುವುದು ಸರಿಯೇ. ಆದರೆ ಆಧಾರ್ ಒಂದೇ ಅಲ್ಲ, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್ ಕೂಡ ಗುರುತಿನ ಚೀಟಿಗಳೇ. "ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ ಎಂದು ಸರ್ಕಾರ ಹೇಳಿದೆ" ಎಂಬ ಫಾರ್ವರ್ಡ್ ಹಿಂದೆ 2022ರ ಮೇ 27ರ ಒಂದು ಪ್ರಕಟಣೆ ಇದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಹೊರಡಿಸಿದ್ದ ಅದನ್ನು ಎರಡೇ ದಿನದಲ್ಲಿ ಹಿಂಪಡೆಯಲಾಯಿತು. ಎಚ್ಚರಿಕೆ ಮಾತ್ರ ಈಗಲೂ ಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ದಿನಾಂಕ, ಹೋಟೆಲ್ ಹೆಸರು, ಉದ್ದೇಶ ಬರೆದು ಕೊಡಿ.

ಯಾರೂ ಫಾರ್ವರ್ಡ್ ಮಾಡದ ಎರಡು ಅಪಾಯಗಳು

ಮೊದಲನೆಯದು ಬೆಂಕಿ, ಅದಕ್ಕಿಂತ ಹೆಚ್ಚಾಗಿ ಹೊಗೆ. 2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನ ಸತ್ತರು, ಹೆಚ್ಚಿನವರು ಉಸಿರುಗಟ್ಟಿ. 2017ರ ಡಿಸೆಂಬರ್‌ನಲ್ಲಿ ಮುಂಬೈ ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ಪಬ್‌ಗಳಲ್ಲಿ ಹೊತ್ತಿದ ಬೆಂಕಿಗೆ 14 ಜನ ಬಲಿಯಾದರು. ಇಕ್ಕಟ್ಟಿನ ಗಲ್ಲಿ, ಕೆಳಗೆ ಅಡುಗೆಮನೆ, ಮೇಲೆ ಬಾರ್, ನಡುವೆ ರೂಮ್‌ಗಳು ಎಂಬ ಕಟ್ಟಡಗಳು ನಮ್ಮಲ್ಲೂ ಇವೆ.

ರೂಮಿಗೆ ಹೋದ ಕೂಡಲೇ ಎರಡು ನಿಮಿಷ ಕೊಡಿ. ಮೆಟ್ಟಿಲು ಎಲ್ಲಿದೆ, ಅಲ್ಲಿಗೆ ಎಷ್ಟು ಬಾಗಿಲು ದಾಟಬೇಕು ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಈ ಲೆಕ್ಕವೇ ಆಸರೆ. ಎರಡನೇ ಮೆಟ್ಟಿಲಿಗೆ ಬೀಗ ಹಾಕಿದ್ದರೆ ಅಥವಾ ಅಲ್ಲಿ ಹಾಸಿಗೆ, ಕ್ರೇಟು ಒಟ್ಟಿದ್ದರೆ ಆ ಹೋಟೆಲ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಹೊಗೆ ಬಂದರೆ ಲಿಫ್ಟ್ ಬಳಸಬೇಡಿ, ನೆಲಕ್ಕೆ ಬಗ್ಗಿ ಸಾಗಿ. ಒದ್ದೆ ಬಟ್ಟೆ ಮಸಿಯನ್ನು ಸ್ವಲ್ಪ ತಡೆದೀತು, ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ಹೊರಹೋಗಲು ದಾರಿಯೇ ಇಲ್ಲದಿದ್ದರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ಬಳಿ ನಿಂತು 112ಕ್ಕೆ ಕರೆ ಮಾಡಿ.

ಎರಡನೆಯದು ಬಾತ್‌ರೂಮಿನ ಗ್ಯಾಸ್ ಗೀಸರ್. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. "ವಾಸನೆ ಬಂದರೆ ಮಾತ್ರ ಅಪಾಯ" ಎಂಬುದು ಸುಳ್ಳು. ಗ್ಯಾಸ್ ಸೋರಿಕೆಗೆ ವಾಸನೆ ಇದೆ, ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಅರಿವಿಗೆ ಬರುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೇ ಉಳಿದಿರುವುದಿಲ್ಲ. ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದ್ದು, ಹೊರಗಾಳಿಗೆ ಕಿಟಕಿ ಇಲ್ಲದಿದ್ದರೆ ರೂಮ್ ಬದಲಿಸಿ ಕೊಡಲು ಹೇಳಿ.

ದುಡ್ಡು ಕಳಿಸುವ ಮುನ್ನ

ಹೋಟೆಲ್ ಹೆಸರು ಹುಡುಕಿದಾಗ ಸಿಗುವ ಮೊದಲ ನಂಬರ್ ಹೋಟೆಲಿನದ್ದೇ ಎಂದು ನಂಬಬೇಡಿ. ನಕಲಿ ವೆಬ್‌ಸೈಟ್, ನಕಲಿ ನಂಬರ್‌ಗಳ ಮೂಲಕ ಅಡ್ವಾನ್ಸ್ ಪಡೆದು ಮಾಯವಾಗುವ ವಂಚನೆ ಸಾಮಾನ್ಯ. ಎರಡು ಕಡೆಯಿಂದ ನಂಬರ್ ತಾಳೆ ನೋಡಿ. ಸಾಧ್ಯವಾದರೆ ಹೋಟೆಲ್‌ನಲ್ಲೇ ಪಾವತಿಸುವ ಆಯ್ಕೆ ಇಟ್ಟುಕೊಳ್ಳಿ. "ರಿಫಂಡ್ ಕೊಡುತ್ತೇವೆ, ಯುಪಿಐ ಪಿನ್ ಹಾಕಿ" ಎಂದರೆ ಅದು ಮೋಸವೇ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬುಕ್ ಮಾಡಿದ ರೂಮ್ ಕೊಡದಿದ್ದರೆ, ಬಿಲ್‌ನಲ್ಲಿ ಹೇಳದ ಶುಲ್ಕ ಸೇರಿಸಿದರೆ ಗ್ರಾಹಕ ಸಹಾಯವಾಣಿ 1915.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

1. ಮಹಡಿ ಯಾವುದು ಎನ್ನುವುದಕ್ಕಿಂತ ಕಿಟಕಿ ಯಾವ ಕಡೆಗಿದೆ ಎಂದು ಕೇಳಿ.
2. ತೆರಿಗೆ ಸೇರಿಸಿದ ಒಟ್ಟು ದರ ನೋಡಿ ಹೋಲಿಸಿ.
3. ವಾರಾಂತ್ಯದಲ್ಲಿ ಉಳಿದವರ ಹೊಸ ವಿಮರ್ಶೆ ಓದಿ.
4. ಐಡಿ ನಿಯಮ, ಗೇಟ್ ಮುಚ್ಚುವ ಸಮಯ ಮೊದಲೇ ಕೇಳಿ.
5. ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಎಣಿಸಿ.
6. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆಯೇ ನೋಡಿ.

ತಂಗಿಗೆ ಆ ಕೆಲಸ ಸಿಗಲಿಲ್ಲ. ನಿದ್ದೆಗೆಟ್ಟದ್ದೇ ಕಾರಣ ಎಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ, ಹಾಗೆ ಹೇಳುವುದೂ ಇಲ್ಲ. ಮುಂದಿನ ಸಂದರ್ಶನಕ್ಕೆ ಅವಳು ಹಲಸೂರಿನಲ್ಲಿ ಹಿಂಭಾಗದ ರೂಮ್ ಕೇಳಿ ಪಡೆದಳು. ಚಿಕ್ಕಮ್ಮ ಈ ಸಲ ಕಳಿಸಿದ್ದು ಕನ್ನಡಿಯ ಸಂದೇಶವಲ್ಲ: "ಮೆಟ್ಟಿಲು ಎಲ್ಲಿದೆ ನೋಡಿಕೊಂಡೆಯಾ?"